ಹದಿನೆಂಟು ಅಂಗುಲ

ಒನೆಸಿಮ್ ಸಿರ್ ಬಾಗಿಲಲ್ಲೇ ಹೇಳಿದ: ಇಲ್ಲಿ ನೀರಿಲ್ಲ.
ನಮ್ಮಪ್ಪ ಆಲೂಗಡ್ಡೆ ಹಾಕುತ್ತಿದ್ದ ನೆಲ ಇದು,
ಬೇಕಾದರೆ ಬೂಟು ಬಿಚ್ಚಿ ನಡೆದು ನೋಡು.

ಬಿಚ್ಚಲಿಲ್ಲ.
ಮೇನ್ ರಾಜ್ಯದ ತುತ್ತತುದಿ, ನದಿಯಾಚೆ ಕೆನಡಾ.
ಮೇ ತಿಂಗಳಾದರೂ ಫರ್ ಮರಗಳ ಬುಡದಲ್ಲಿ
ಇನ್ನೂ ಕೊಳಕು ಹಿಮ.

ಅರ್ಜಿಯ ಏಳನೇ ಪ್ರಶ್ನೆ:
ಎಪ್ಪತ್ತೈದು ಅಡಿಯೊಳಗೆ ತೊರೆ, ಜೌಗು, ನೆರೆಬಯಲು ಉಂಟೇ?
ಮಗಳು ಲಿಸೆಟ್ ಗೀಟು ಹಾಕಿದ್ದಾಳೆ: ಇಲ್ಲ.
ಗೀಟಿನ ಪಕ್ಕ ಗ್ರೀಸಿನ ಹೆಬ್ಬೆಟ್ಟು.
ಸ್ನೋಮೊಬೈಲ್ ರಿಪೇರಿಗೆ ಗರಾಜು ಬೇಕು ಅವಳಿಗೆ,
ಮೂವತ್ತಕ್ಕೆ ನಲವತ್ತು.
ಸದ್ಯಕ್ಕೆ ಕೊಟ್ಟಿಗೆಯಲ್ಲಿ
ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಎಂಜಿನ್ ಬಿಚ್ಚುತ್ತಾಳೆ.

ಬೈರಿಗೆ ಇಳಿಸಿದೆ.
ಹದಿನೆಂಟು ಅಂಗುಲ ಸಾಕು ನನಗೆ.
ಮೇಲೆ ನಾಲ್ಕು ಬೆರಳು ಕಪ್ಪು: ಉಳುಮೆಯದು, ಅಪ್ಪನದು.
ಅದರ ಕೆಳಗೆ ಬೂದಿ.
ಸುಟ್ಟ ಬೂದಿಯಲ್ಲ, ಉಸಿರುಗಟ್ಟಿದ್ದು,
ನೀರು ನಿಂತು ನಿಂತು
ಕಬ್ಬಿಣ ಕರಗಿ ಹೋದ ಮೇಲೆ ಉಳಿದ ಬಣ್ಣ.
ಬೇರು ಕೊಳೆತ ಸಂದುಗಳಲ್ಲಿ ಮಾತ್ರ
ಕಿತ್ತಳೆ ತುಕ್ಕಿನ ನೂಲು.

ಬಣ್ಣದ ಪುಸ್ತಕ ತೆಗೆದೆ.
ಪ್ರತಿ ಚೌಕದ ಪಕ್ಕ ಒಂದು ತೂತು;
ತೂತಿನ ಹಿಂದೆ ಮಣ್ಣು ಹಿಡಿದು
ಕಣ್ಣು ಕಿರಿದು ಮಾಡಿ ಹೊಂದಿಸಬೇಕು
ದರ್ಜಿ ಬಟ್ಟೆಗೆ ದಾರ ಹೊಂದಿಸುವ ಹಾಗೆ.
ಒನೆಸಿಮ್ ಬಗ್ಗಿ ನೋಡಿದ. ಬಾಯಲ್ಲಿ ಹೊಗೆಯಿಲ್ಲದ ಪೈಪು.
ಎಲ್ಲಿದೆ ನೀರು, ತೋರಿಸು.
ಈಗಿಲ್ಲ, ಅಂದೆ. ಬಂದು ಹೋಗಿದೆ. ಬರುತ್ತದೆ.
ಹಾಗಾದರೆ ಬಂದಾಗ ಅದರ ಕೈಯಲ್ಲೇ ಸಹಿ ಹಾಕಿಸು, ಎಂದ.
ನಗು ಬಂತು ಇಬ್ಬರಿಗೂ. ಬರಬಾರದಿತ್ತು.

ಗುಲಾಬಿ ರಿಬ್ಬನ್ನು ಕಟ್ಟುತ್ತ ಹೋದೆ
ಆಲ್ಡರ್ ಗಿಡಕ್ಕೆ, ಬೇಲಿಯ ಗೂಟಕ್ಕೆ,
ಮತ್ತೆ ಆಲ್ಡರ್‌ಗೆ, ಮತ್ತೆ ಆಲ್ಡರ್‌ಗೆ.
ಹತ್ತೊಂಬತ್ತನೆಯದು ಬಂದು ನಿಂತದ್ದು
ಲಿಸೆಟ್ ಸುಣ್ಣದಲ್ಲಿ ಎಳೆದ ಗೆರೆಗಳ ನಟ್ಟನಡುವೆ,
ಬಂಡಿ ಎತ್ತುವ ಲಿಫ್ಟು ನಿಲ್ಲಬೇಕಾದ ಜಾಗ.
ಅವಳು ಏನೂ ಅನ್ನಲಿಲ್ಲ.
ಕೈ ಒರೆಸಿಕೊಂಡಳು. ಅಷ್ಟು ಹೊತ್ತು ಒರೆಸುವಷ್ಟು
ಜಿಡ್ಡಿರಲಿಲ್ಲ ಕೈಯಲ್ಲಿ.

ನನ್ನ ಮನೆ ನದಿಗೆ ಇನ್ನೂ ಹತ್ತಿರ.
ಕಾಯಿದೆ ಹುಟ್ಟುವ ಮುಂಚೆ ಕಟ್ಟಿದ್ದು,
ಯಾರೂ ಯಾರನ್ನೂ ಕೇಳದ ಕಾಲದ್ದು.
ನೆಲಮಾಳಿಗೆಯ ಪಂಪು
ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತದೆ,
ಏನೋ ಹೇಳಲಿಕ್ಕಿರುವವರ ಹಾಗೆ.
ಒಂದು ಏಪ್ರಿಲಿನಲ್ಲಿ ಮಂಜುಗಡ್ಡೆ ಅಡ್ಡ ನಿಂತು
ನದಿ ಅಡುಗೆಮನೆಗೆ ಬಂತು, ಎರಡನೇ ಡ್ರಾಯರಿನವರೆಗೆ.
ಚಮಚಗಳನ್ನೆಲ್ಲ ತೊಳೆದು ಮತ್ತೆ ಅಲ್ಲೇ ಇಟ್ಟೆ.
ಇದನ್ನು ಒನೆಸಿಮ್‌ಗೆ ಹೇಳಲಿಲ್ಲ.
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಜೂನಿನಲ್ಲಿ ಲಿಸೆಟ್ ಹೊಸ ನಕ್ಷೆ ತಂದಳು:
ರಸ್ತೆಯಾಚೆ, ಬಂಡೆಯ ಮೇಲೆ, ಇಪ್ಪತ್ತಾರಕ್ಕೆ ಮೂವತ್ತು.
ಬಂಡೆ ಕೊರೆಯುವ ಖರ್ಚು ನಾನು ಕೇಳಲಿಲ್ಲ, ಅವಳೇ ಹೇಳಿದಳು,
ಎರಡು ಸಲ.
ಏಳನೆಯದಕ್ಕೆ ಈ ಬಾರಿಯೂ 'ಇಲ್ಲ';
ಪಕ್ಕದಲ್ಲಿ, ಯಾರೂ ಕೇಳದೆ,
ನೂರ ಹನ್ನೆರಡು ಅಡಿ,
ಟೇಪು ಹಿಡಿದು ಅಳೆದದ್ದು.

ಮರುವರ್ಷ ಏಪ್ರಿಲ್ ಕೊನೆಗೆ ಒನೆಸಿಮ್ ಫೋನು ಮಾಡಿದ.
ನಿನ್ನ ಗೆರೆಯೊಳಗೆ ಮೊಣಕಾಲುದ್ದ ನೀರು, ಅಂದ,
ನಾನೇ ತಂದು ಸುರಿದ ಹಾಗೆ.
ಕಪ್ಪೆ ಕೂಗುತ್ತಿವೆ. ಇಷ್ಟು ವರ್ಷ
ಬಾತುಕೋಳಿ ಅಂದುಕೊಂಡಿದ್ದೆ.
ಸ್ವಲ್ಪ ಹೊತ್ತು ಫೋನನ್ನು ಅತ್ತ ಹಿಡಿದ; ಕೇಳಿಸಿಕೊಂಡೆ.
ಆಮೇಲೆ: ಆ ರಿಬ್ಬನ್ನು ಇನ್ನು ಬಿಚ್ಚಲೇ?
ಬಿಡು, ಅಂದೆ. ಇನ್ನೊಂದು ಚಳಿಗಾಲಕ್ಕೆ
ಬೆಳ್ಳಗಾಗಿ ತಾನೇ ಉದುರುತ್ತದೆ.

ಫೋನಿಟ್ಟು ಬೈರಿಗೆ ತೆಗೆದುಕೊಂಡು ಹಿತ್ತಲಿಗೆ ಹೋದೆ.
ಹದಿನೆಂಟು ಅಂಗುಲ ಬೇಕಾಗಲಿಲ್ಲ, ಆರಕ್ಕೇ ಸಿಕ್ಕಿತು.
ಪುಸ್ತಕ ತೆಗೆಯಲಿಲ್ಲ.
ಅಡುಗೆಮನೆಯ ಮೆಟ್ಟಿಲ ಕಂಬಿಗೆ
ಗುಲಾಬಿ ತುಂಡೊಂದನ್ನು ಕಟ್ಟಿದೆ, ಬಿಗಿಯಾಗಿ.
ಒಳಗೆ ಪಂಪು ಶುರುವಾಯಿತು.