ಕಪ್ಪು ಬೀಜ

ಈ ವಿಷಯಕ್ಕೆ ಹೇಗೆ ಬಂದಿರಿ ಎಂದು
ಫೆಲೋಶಿಪ್ಪಿನ ಅರ್ಜಿಯಲ್ಲೊಂದು ಕಲಂ.
ನಾನು ಬರೆದದ್ದು: ‘ದೃಷ್ಟಿ, ಗಮನ, ಮಿದುಳು,
ಮೊದಲಿನಿಂದಲೂ ಆಸಕ್ತಿ.’
ಮೊದಲಿನಿಂದ ಏನೂ ಇರಲಿಲ್ಲ.

ಮಡಿಕೇರಿಯಲ್ಲಿ ಬಿಎಸ್ಸಿ, ಎರಡನೇ ದರ್ಜೆ.
ಆಮೇಲೆ ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಹದಿನಾಲ್ಕು ತಿಂಗಳು ಲಾರಿ ತೂಕ ಬರೆದೆ.
ಮಧ್ಯಾಹ್ನ ಬುತ್ತಿ ಹಿಡಿದು ಬೆಲ್ಟಿನ ಪಕ್ಕ.

ರುಕ್ಕಿಯಕ್ಕ ಮಗಳ ಬಾಣಂತನದ ಕತೆ ಹೇಳುವಳು,
ಮುಖ ನನ್ನ ಕಡೆಗೇ.
ಕೈ ಮಾತ್ರ ಹರಿವ ಬೀಜದೊಳಗಿಂದ
ಕಪ್ಪು ಹೆಕ್ಕಿ, ಒಡಕು ಹೆಕ್ಕಿ
ಡಬ್ಬಿಗೆ ಟಕ್ ಟಕ್.
‘ನೋಡದೆ ಹೇಗೆ?’
‘ನೋಡಿಕೊಂಡು ಕೂತರೆ ಬೀಜ ದಾಟಿ ಹೋಗ್ತದೆ, ಮಾರಾಯ್ತಿ.’

ಆ ಒಂದು ಮಾತಿಗೆ ಮೈಸೂರು,
ಮನಃಶಾಸ್ತ್ರದ ಎಂಎ, ಒಂದು ಸಲ ಫೇಲು,
ಪಿಎಚ್‌ಡಿಗೆ ಏಳು ವರ್ಷ.
ಅಪ್ಪನಿಗೆ ಈಗಲೂ ನಾನು ‘ತಲೆ ಡಾಕ್ಟ್ರು’.

ಈ ಮಾರ್ಚಿಗೆ ಮೂವತ್ತೆರಡು ತಂತಿಯ ಟೊಪ್ಪಿ ಹೊತ್ತು
ಗುಡ್ಡೆಹೊಸೂರಿಗೆ, ಅವಳ ಮನೆಗೇ ಹೋದೆ.
ತೆಂಗಿನೆಣ್ಣೆ ಕುಡಿದ ಕೂದಲು, ಒಂದು ತಂತಿಯೂ ಹಿಡಿಯದು.
ಸೀಗೆ ಹಾಕಿ ತಲೆ ತೊಳೆದು ಬಂದಳು,
ಬೈಯುತ್ತಲೇ.

ಮೊರದ ತುಂಬ ಬೀಜ.
ಪರದೆಯಲ್ಲಿ ಮೊದಲು ಗೆರೆ ಬಾಗಿತು, ಕೈ ಆಮೇಲೆ,
‘ಕಂಡೆ’ ಎಂಬ ಮಾತು ಅದಕ್ಕೂ ಆಮೇಲೆ.
ತೋರಿಸಿದೆ: ಅಕ್ಕಾ, ಇಷ್ಟು ಹೊತ್ತು,
ಸೆಕೆಂಡಿನಲ್ಲಿ ಮೂರನೇ ಒಂದು ಪಾಲು,
ನಿನಗೆ ಗೊತ್ತಾಗುವ ಮೊದಲೇ ನಿನಗೆ ಗೊತ್ತು.

ಬಗ್ಗಿ ನೋಡಿದಳು. ಕನ್ನಡಕ ಹುಡುಕಿ ಮತ್ತೆ ನೋಡಿದಳು.
‘ಬಣ್ಣ ನೋಡುವ ಮಿಷನ್ ತಂದು
ನಮ್ಮನ್ನೆಲ್ಲ ಮನೆಗೆ ಕಳಿಸಿದರಲ್ಲ,
ಅದಕ್ಕೆಷ್ಟು ಹೊತ್ತು ಬೇಕು?’

ಲೆಕ್ಕ ನನ್ನಲ್ಲಿತ್ತು.
ಅವಳ ಕೂದಲಿಗೆ ಮೆತ್ತಿದ ಜೆಲ್ ಒರೆಸುತ್ತ
ಎಣ್ಣೆ ಎಲ್ಲಿಟ್ಟಿದ್ದೀಯ, ಅಂದೆ.