ನೆತ್ತಿಯ ಅಳತೆ

ಓಮ್ನಿಯ ನೆತ್ತಿಗೆ ಟೇಪು ಹಿಡಿದಾಗ ಮುಮ್ತಾಜ್
"ಉಸಿರು ಬಿಡಮ್ಮಾ, ಬಿಗಿಹಿಡೀಬೇಡ" ಎಂದಳು
ಗಾಡಿಗೆ, ಗಿರಾಕಿಗೆ ಹೇಳುವ ಹಾಗೆ.
ಅಗಲ ನಲವತ್ತೆಂಟು. ಉದ್ದ ನೂರರ ಮೇಲೆ ಚೂರು.
ಅಳತೆ ಪುಸ್ತಕದಲ್ಲಿ ಬರೆದುಕೊಂಡೆ,
ಕೈವಾರದ ಟೀಚರಮ್ಮನ ರವಿಕೆಯ ಕೆಳಗೆ.
ತೋಳು ಎಂದಿದ್ದಲ್ಲಿ ಖಾಲಿ ಬಿಟ್ಟೆ.

ಒಳಗೇ ಮಲಗಬಾರದೇ ಅನ್ನುವವರಿಗೆ
ಬಾಗಿಲು ಸರಿಸಿ ತೋರಿಸುತ್ತೇನೆ:
ಎರಡು ಮಶೀನು, ಒಂದು ಓವರ್‌ಲಾಕು, ಇಸ್ತ್ರಿಪೆಟ್ಟಿಗೆ,
ನೀಲಿ ಥಾನು ಹನ್ನೊಂದು, ಬಿಳಿ ಒಂಬತ್ತು,
ಗುಂಡಿಯ ಡಬ್ಬ, ಮುಮ್ತಾಜಳ ಮಂಡಿನೋವಿನ ಎಣ್ಣೆ.
ಜೂನ್ ಬಂತೆಂದರೆ ಊರೂರಿನ ಶಾಲೆ ನಮ್ಮದು.
ಹಗಲು ಮಕ್ಕಳ ಅಳತೆ, ಸಂಜೆ ಕತ್ತರಿ, ರಾತ್ರಿ ಹೊಲಿಗೆ.
ವರಾಂಡಗಳಲ್ಲಿ ಮಲಗಿ ಮಲಗಿ
ಆ ಸೀಮೆಯ ನಾಯಿಗಳಿಗೆಲ್ಲ ನಮ್ಮ ಹೆಸರು ಗೊತ್ತು.

ಚಿಕ್ಕಬಳ್ಳಾಪುರದ ಹೈವೇ ಪಕ್ಕದ ಅಂಗಡಿ.
ಹುಡುಗ ಯಶವಂತ ನಮ್ಮನ್ನು ನೋಡಿ,
ಹಿಂದೆ ಯಾರಾದರೂ ಗಂಡಸರು ಬರುತ್ತಾರೇನೋ ಎಂದು
ಬಾಗಿಲು ನೋಡಿ, ಆಮೇಲೆ ತೋರಿಸಿದ.
ಗಟ್ಟಿ ಚಿಪ್ಪಿನ ಟೆಂಟು ಒಂದು, ಆಮೆಯ ಬೆನ್ನು,
ಚಿಲಕ ತೆಗೆದರೆ ತಾನೇ ಏಳುತ್ತದೆ, ಅರವತ್ತೆಂಟು ಕೇಜಿ.
ನಾಲ್ಕು ಜನರದು ಇನ್ನೊಂದು: ಕಿಟಕಿಗೆ ಪರದೆ, ಮುಂದೆ ಚಪ್ಪರ,
ಒಳಗೆ ಒಂದು ನಾಮಕರಣ ಮಾಡಬಹುದು.
ಮೂಲೆಯಲ್ಲಿ ಮಡಿಸಿಟ್ಟ ಚಿಕ್ಕದು, ಬೂದು ಬಣ್ಣ,
ಮೂವತ್ತಾರು ಕೇಜಿ.
ಅದನ್ನ ಯಾರೂ ಕೇಳಲ್ಲ ಆಂಟಿ, ಅಂದ.

"ಅದರ ಮೇಲೆ ನಾವಿಬ್ಬರು, ನೂರಿಪ್ಪತ್ತು.
ತಗಡು ತಡೆಯುತ್ತಾ?"
"ಓಡುವಾಗ ಹೊರುವ ಭಾರ ಬೇರೆ,
ನಿಂತಾಗ ಹೊರುವ ಭಾರ ಬೇರೆ.
ಓಡುವಾಗ ಐವತ್ತು ದಾಟಬಾರದು.
ನಿಂತರೆ ಇನ್ನೂರಾದರೂ ಗಾಡಿಗೆ ಗೊತ್ತಾಗಲ್ಲ."
ಮುಮ್ತಾಜ್ ನನ್ನ ಮುಖ ನೋಡಿದಳು.
ನಾನು ಬೆಲೆಚೀಟಿ ನೋಡಿದೆ.
ಅವಳ ಮನೆಯವರು ಹೋದ ವರ್ಷ
ಅವಳು ಹೊಲಿದ ಚಡ್ಡಿ ಆರುನೂರ ಹನ್ನೆರಡು.
ಒಂದು ದಿನ ನಿಂತಿರಲಿಲ್ಲ.

ಚಿಕ್ಕದನ್ನು ಬಿಚ್ಚಿಸಿದೆ.
ರವಿಕೆ ನೋಡುವ ಹಾಗೆ ಉಲ್ಟಾ ತಿರುಗಿಸಿ ನೋಡಿದೆ:
ಇಂಚಿಗೆ ಎಂಟು ಹೊಲಿಗೆ, ಜೋಡಿ ಸಾಲು, ನೈಲಾನು ದಾರ.
ಹೊಲಿಗೆ ಅಂದರೇ ತೂತುಗಳ ಸಾಲು,
ಅದು ನಮ್ಮಷ್ಟೇ ಚೆನ್ನಾಗಿ ಮಳೆಗೂ ಗೊತ್ತು.
ಒಳಗಿನಿಂದ ಪಟ್ಟಿ ಅಂಟಿಸಿದ್ದಾರೆ. ಪರವಾಗಿಲ್ಲ.
ಜಿಪ್ಪು ಮಾತ್ರ ಕಳಪೆ, ಎಳೆದು ತೋರಿಸಿದೆ.
ಯಶವಂತ ಕತ್ತು ಕೆರೆದುಕೊಂಡ.

ಏಣಿಗೆ ಏಳು ಮೆಟ್ಟಿಲು.
ಮುಮ್ತಾಜಳ ಮಂಡಿ ಒಂದೊಂದನ್ನೂ ಗೊಣಗುತ್ತ ಒಪ್ಪಿಕೊಂಡಿತು.
ಅಂಗಡಿಯ ನಡುವೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ,
ಮಟಮಟ ಮಧ್ಯಾಹ್ನ, ಚಪ್ಪಲಿ ಕೆಳಗೆ ಬಿಟ್ಟು
ಇಬ್ಬರೂ ಮಲಗಿದೆವು.
ನಾಲ್ಕಡಿ ಅಗಲ. ಒಬ್ಬಳು ಮಗ್ಗುಲಾದರೆ ಇನ್ನೊಬ್ಬಳೂ ಆಗಬೇಕು.
ಜಾಲರಿಯಾಚೆ ಫ್ಯಾನು ತಿರುಗುತ್ತಿತ್ತು.
"ರತ್ನಾ, ನಾಳೆ ಬೆಳಿಗ್ಗೆಗೇ ಬೇಕು ಅಂತ
ಇಲ್ಲಿಗೆ ಹತ್ತಿ ಬರೋರು ಯಾರೂ ಇಲ್ಲ ಕಣೇ"
ಎಂದವಳು ಕಣ್ಣು ಮುಚ್ಚಿ, ನಿಜಕ್ಕೂ ನಿದ್ದೆ ಹೋದಳು.
ಕೆಳಗೆ ಹುಡುಗ ಕೆಮ್ಮಿದ.
ಜಾಲರಿಯೊಳಗಿಂದ ತುಟಿಗೆ ಬೆರಳಿಟ್ಟು ತೋರಿಸಿದೆ.
ಸ್ವಲ್ಪ ನಿಂತಿದ್ದು, ಫ್ಯಾನು ಒಂದು ಜೋರು ಮಾಡಿ ಹೋದ.

ಜಿಪ್ಪಿನ ಲೆಕ್ಕಕ್ಕೆ ಎರಡು ಸಾವಿರ ಇಳಿಸಿದ.
ಜಿಪ್ಪು ನಾನೇ ಹಾಕುತ್ತೇನೆ, ಎಂಟನೇ ನಂಬರಿನದು.

ಚಿಂತಾಮಣಿ ತಲುಪುವಾಗ ಕತ್ತಲಾಗುತ್ತಿತ್ತು.
ನಮ್ಮ ಓಣಿಯ ಬಾಯಲ್ಲಿ ಹುಣಸೆಯ ಕೊಂಬೆ,
ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೆವು, ನೋಡಿರಲಿಲ್ಲ.
ಬ್ರೇಕು ಹಾಕಿದೆ.
ಮುಮ್ತಾಜ್ ಇಳಿದು, ಗಜಕಡ್ಡಿಯಿಂದ ಕೊಂಬೆ ಎತ್ತಿ ಹಿಡಿದು,
ಇನ್ನೊಂದು ಕೈಯಲ್ಲಿ ಬಾ, ಬಾ, ಎಂದಳು,
ಒಂದಿಂಚು, ಇನ್ನೂ ಒಂದಿಂಚು.
ಹೊದಿಕೆಯ ಮೇಲೆ ಪುಟ್ಟ ಪುಟ್ಟ ಎಲೆ ಉದುರುವ ಸದ್ದು
ಸ್ಟಿಯರಿಂಗ್ ಹಿಡಿದವಳಿಗೂ ಕೇಳಿಸಿತು.