ಮೂರನೇ ಕುರ್ಚಿ

ಮೋಟಾರು ವೈಂಡಿಂಗ್ ಅಂಗಡಿಯ ಶಟರ್ ಎಳೆದ ಮೇಲೆ
ಅಟ್ಟದ ಕೋಣೆಯಲ್ಲಿ ನಮ್ಮ ವಿಮಾನ ತಯಾರಾಗುತ್ತದೆ.
ಸೂಜಿಮೂಗಿನದು, ಶಬ್ದವನ್ನು ಹಿಂದಿಕ್ಕಿ ಹೋಗುವಂಥದು,
ಈಗ ಯಾವ ದೇಶದಲ್ಲೂ ಹಾರದ್ದು.
ಮ್ಯೂಸಿಯಮ್ಮಿನಲ್ಲಿ ನಿಂತ ಕಾಂಕಾರ್ಡನ್ನು ಯಾರೋ ಪುಣ್ಯಾತ್ಮ
ಒಂದು ತಿರುಪೂ ಬಿಡದೆ ಕಂಪ್ಯೂಟರಿನೊಳಗೆ ಇಳಿಸಿದ್ದಾನೆ.

ಎಡಗಡೆ ಕುರ್ಚಿ ನನ್ನದು. ಬಲಗಡೆಯದು ಖಾಲಿ,
ಅದರ ಮೇಲೆ ತಾಮ್ರದ ತಂತಿಯ ಸುರುಳಿ.
ಮೂರನೆಯದು ಹಾಲೇಶಿ ಮಾವನದು,
ಪ್ಲಾಸ್ಟಿಕ್ಕಿನದು, ಒಂದು ಕಾಲಿಗೆ ಇನ್ಸುಲೇಷನ್ ಟೇಪು.

ಮೂವತ್ತೊಂದು ವರ್ಷ ಮಿಲ್ಲಿನಲ್ಲಿ ಜಾಬರ್ ಆಗಿದ್ದವನು.
ಮಿಲ್ಲು ಮುಚ್ಚುವ ಹೊತ್ತಿಗೆ ಕಿವಿಯೂ ಮುಚ್ಚಿತ್ತು.
ಈಗ ಮೇಜಿನ ಪ್ಲೈವುಡ್ಡಿನ ಮೇಲೆ ಅಂಗೈಯೂರಿ ಕೇಳುತ್ತಾನೆ.
‘ನಾಕ್ನೇ ಇಂಜಿನ್ ಯಾಕೋ ಗೊಣಗ್ತಾ ಐತಿ’ ಅನ್ನುತ್ತಾನೆ,
ಗೇಜು ನೋಡಿದರೆ, ಹೌದು.

ಅವನ ಕೆಲಸ ಎಣ್ಣೆ.
ವೇಗ ಏರಿದಂತೆ ಹಿಂದಿನ ಟ್ಯಾಂಕಿಗೆ ಸಾಗಿಸಬೇಕು,
ಇಳಿಸುವಾಗ ಮುಂದಕ್ಕೆ,
ಇಲ್ಲವಾದರೆ ಅಷ್ಟು ದೊಡ್ಡ ಹಕ್ಕಿ ತೂಕ ತಪ್ಪುತ್ತದೆ.
ಕಡಿದ ನೂಲಿಗೆ ಗಂಟಿಕ್ಕುತ್ತಿದ್ದ ಎರಡು ಬೆರಳಲ್ಲೇ
ಮಾವ ಮೌಸು ಹಿಡಿಯುತ್ತಾನೆ.

ಆಕಾಶದ ಕಾವಲಿಗೆ ಒಂದು ದನಿಯಿದೆ.
ಮನುಷ್ಯರದಲ್ಲ, ಮನುಷ್ಯರಿಂದ ಹೆಕ್ಕಿ ಜೋಡಿಸಿದ್ದು.
ಮುಂಬೈ ಕಂಟ್ರೋಲ್ ಎಂದು ತನ್ನನ್ನು ಕರೆದುಕೊಳ್ಳುತ್ತದೆ.
ಸುಸ್ತಿಲ್ಲ, ಕೆಮ್ಮಿಲ್ಲ, ಊಟವಾಯಿತೇ ಎಂದು ಕೇಳುವುದಿಲ್ಲ.
ಏರು ಅಂದರೆ ಏರಬೇಕು, ತಿರುಗು ಅಂದರೆ ತಿರುಗಬೇಕು,
ಅಂದದ್ದನ್ನೇ ಮರಳಿ ಒಪ್ಪಿಸಬೇಕು, ಮಗ್ಗಿಯ ಹಾಗೆ.
‘ಟ್ರೀ’ ಅಂದದ್ದಕ್ಕೆ ಮೇಷ್ಟ್ರು ನನ್ನನ್ನು ಬೆಂಚು ಹತ್ತಿಸಿದ್ದರು.
ಆಕಾಶದಲ್ಲಿ ಮೂರಕ್ಕೆ ‘ಟ್ರೀ’ ಅನ್ನುವುದೇ ಕಾಯಿದೆಯಂತೆ!
ಆ ದನಿಯನ್ನು ನಾನು ಒಪ್ಪಿಕೊಂಡದ್ದು ಅವತ್ತು.

ಮಾವನಿಗಾಗಿ ಅದರ ಮಾತು ಹಸಿರಕ್ಷರವಾಗಿ
ಪರದೆಯ ನೆತ್ತಿಯಲ್ಲಿ ಓಡುತ್ತದೆ.
ಮೊರದಲ್ಲಿ ಕಲ್ಲು ಹುಡುಕಿದಂತೆ ಓದುತ್ತಾನೆ.

ನಿನ್ನೆ ಬಹ್ರೇನ್ ಬಿಟ್ಟು ಬರುತ್ತಿದ್ದೆವು.
ಐವತ್ತೈದು ಸಾವಿರ ಅಡಿ, ಶಬ್ದದ ಎರಡರಷ್ಟು.
ಬೆಳಗಾವಿ ಕೆಳಗೆ ಸರಿಯುವಾಗ ಹಳೇ ಬಿಲ್ಲಿನ ಬೆನ್ನಿಗೆ ಬರೆದು ತೋರಿಸಿದೆ:
ಈ ವೇಗಕ್ಕೆ ಹರಿಹರದಿಂದ ದಾವಣಗೆರೆ ಇಪ್ಪತ್ಮೂರು ಸೆಕೆಂಡು.
ಮಾವ ನಕ್ಕ. ‘ಪಾಳಿಗೆ ಅಲ್ಲಿಂದ ಸೈಕಲ್ ತುಳೀತಿದ್ದೆ.
ಎದುರುಗಾಳಿ ಇದ್ರೆ ಒಂದೂಕಾಲು ತಾಸು.’

ಆಮೇಲೆ ಕೇಳಿದ:
‘ನಾವು ಮುಂದೆ ಬಂದ್ವಿ. ಸದ್ದು ಎಲ್ಲಿಗೆ ಹೋತು?’

ಬರೆದೆ: ನಮಗೆ ಕೇಳಿಸಲ್ಲ.
ಕೆಳಗಿದ್ದವರ ಮೇಲೆ ಬೀಳುತ್ತೆ, ಸಿಡಿಲಿನಂತೆ. ಕಿಟಕಿ ಅದುರುತ್ತೆ.

ಓದಿದ. ಚೀಟಿ ಮಡಚಿ ಅಂಗಿಜೇಬಿಗಿಟ್ಟ.
ಏನೂ ಅನ್ನದೆ ಪಂಪು ತೆರೆದು
ಎಣ್ಣೆಯನ್ನು ಮುಂದಕ್ಕೆ ಹರಿಸತೊಡಗಿದ.
ಮುಂದಕ್ಕೆ ಅಂದರೆ, ನಿಧಾನಿಸು.

‘ಅಲ್ಲಿ ಯಾರೂ ಇಲ್ಲ ಮಾವಾ’ ಎಂದು ಕೂಗಿದೆ, ಕೈಯಾಡಿಸಿದೆ.
ಪರದೆಯಲ್ಲಿ ನಮ್ಮೂರೊಂದು ಕಂದು ತೇಪೆ,
ಮಿಲ್ಲಿನ ಚಿಮಣಿಯಿಲ್ಲ, ಗಡಿಯಾರ ಕಂಬವಿಲ್ಲ,
ಎಲ್ಲ ಊರಿಗೂ ಒಂದೇ ಅಚ್ಚಿನಲ್ಲಿ ಒತ್ತಿದ ನಾಕು ಮರ.
‘ಎರಡನೇ ಪಾಳಿಯೋರು’ ಅಂದ ಮಾವ,
‘ಈಗಷ್ಟೇ ಬಂದು ಮಲಗಿರ್ತಾರೆ.’

ನಾನು ಥ್ರಾಟಲ್ ಎಳೆದೆ.
ಮುಂಬೈಗೆ ಗೊತ್ತಾಯಿತು. ವೇಗ ಇಳಿಸಿದ್ದೇಕೆ, ಕಾರಣ ತಿಳಿಸಿ.
ಪಟ್ಟಿ ಬಿಚ್ಚಿಕೊಂಡಿತು. ಒಂದು, ಹವಾಮಾನ.
ಎರಡು, ಯಂತ್ರದೋಷ. ಮೂರು, ಅನಾರೋಗ್ಯ.
ನಾಲ್ಕನೆಯದಿಲ್ಲ.
ಟ್ರೀ, ಅಂದೆ.

ಕೂಡಲೇ ಹಸಿರಕ್ಷರ: ವಿಮಾನದಲ್ಲಿ ಎಷ್ಟು ‘ಸೋಲ್ಸ್’?
ಮಾವ ಹುಬ್ಬೇರಿಸಿದ. ಎದೆ ಮುಟ್ಟಿ ತೋರಿಸಿದೆ,
ಜೀವ, ಎಷ್ಟು ಜೀವ ಅಂತ.
ಎರಡು ಎಂದು ಒತ್ತುವಷ್ಟರಲ್ಲಿ
ಅವನು ಬೆರಳು ಮಡಚತೊಡಗಿದ್ದ:
‘ಜಾಲಿನಗರ. ಬಸಾಪುರ. ನಿಟುವಳ್ಳಿ.
ಮಂಡಕ್ಕಿ ಭಟ್ಟಿ, ಆ ಹೊಗೆಯೊಳಗೆ ಎಷ್ಟು ಮಕ್ಕಳದಾವೋ...’

ಆ ಖಾನೆಗೆ ಮೂರಂಕಿಗಿಂತ ಹೆಚ್ಚು ಹಿಡಿಯದು.
ಒಂಬತ್ತು ಒಂಬತ್ತು ಒಂಬತ್ತು ಒತ್ತಿದೆ.
ತಿಳಿಯಿತು, ಅಂದಿತು ಮುಂಬೈ, ಚಕಾರವೆತ್ತದೆ.

ಮಾವ ಆಗಲೇ ಕೆಟಿಜೆ ನಗರಕ್ಕೆ ಬಂದಿದ್ದ.